ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಲೈನ್’ ಎಂಬ ಒಂದೇ ಪದ

ಇಂಗ್ಲಿಷಿನ ‘ಲೈನ್’ ಪದವನ್ನು ಕುರಿತು ಬೇರೆ ಬೇರೆ ಸಮಯದಲ್ಲಿ ಬಂದ ಪತ್ರಗಳನ್ನು ಒಟ್ಟುಗೂಡಿಸಿ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಮುಂಬಯಿಯಲ್ಲಿ ಬಾಳುವ ಕನ್ನಡಿಗರ ಕಿವಿಗೆ ಈ ಪದ ಬೆಳಗಿನಿಂದ ರಾತ್ರಿಯವರೆಗೂ ಬೀಳುತ್ತಲೇ ಇರುತ್ತದೆ. ಹಾಗಾಗಿ ಅದರ ಅರ್ಥ ತಮಗೆ ಗೊತ್ತೇ ಇದೆ ಎಂದುಕೊಂಡವರೇ, ಅದು ಅಪರಿಚಿತ ಜಾಗದಲ್ಲಿ ಎದುರಾದಾಗ ತಬ್ಬಿಬ್ಬಾಗುತ್ತಾರೆ. ಪ್ರಶ್ನೆಗಳನ್ನು ಸಂಕ್ಷೇಪಿಸಿದ್ದೇವೆ; ಕೇಳಿದವರ ಹೆಸರಿನ ಬದಲು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಮಾವನವರನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿದಾಗ ವೈದ್ಯರು ‘ಸೆಂಟ್ರಲ್ ಲೈನ್ ಹಾಕಬೇಕಾಗುತ್ತದೆ’ ಎಂದು ಹೇಳಿ ಸಹಿ ಮಾಡಿಸಿಕೊಂಡರು. ಮದುವೆಯಾಗಿ ಬಂದಂದಿನಿಂದ ಸೆಂಟ್ರಲ್ ಲೈನಿನ ರೈಲಿನಲ್ಲೇ ಓಡಾಡುತ್ತಿರುವ ನನಗೆ ಇದು ಯಾವ ಲೈನ್ ಎಂದು ತಿಳಿಯಲಿಲ್ಲ, ಕೇಳಲು ಸಂಕೋಚವಾಯಿತು. (ಡೊಂಬಿವಲಿ)

ಉತ್ತರ: ಕುತ್ತಿಗೆಯಲ್ಲಿ, ಕೊರಳೆಲುಬಿನ ಕೆಳಗೆ ಅಥವಾ ತೊಡೆಯ ಸಂದಿಯಲ್ಲಿ ಇರುವ ದೊಡ್ಡ ರಕ್ತನಾಳದೊಳಗೆ ತೂರಿಸುವ ಮೆತ್ತನೆಯ, ಸಪೂರ ಕೊಳವೆಯನ್ನು ಆಸ್ಪತ್ರೆಯಲ್ಲಿ ‘ಸೆಂಟ್ರಲ್ ಲೈನ್’ ಎನ್ನುತ್ತಾರೆ. ಕುತ್ತಿಗೆಯ ಮೂಲಕ ಹಾಕಿದಾಗ ಅದರ ತುದಿ ಹೃದಯದ ಸಮೀಪದ ಹಿರಿಯ ನಾಳದವರೆಗೆ ಹೋಗಿ ನಿಲ್ಲುತ್ತದೆ. ಕೈಯ ಸಣ್ಣ ರಕ್ತನಾಳವನ್ನು ಸುಟ್ಟುಬಿಡುವಷ್ಟು ತೀಕ್ಷ್ಣವಾದ ಔಷಧಗಳನ್ನು ಕೊಡಲು, ಒಂದೇ ಹೊತ್ತಿಗೆ ಎರಡು ಮೂರು ಔಷಧಗಳನ್ನು ಬೇರೆ ಬೇರೆಯಾಗಿ ಹರಿಸಲು, ನಾಳದೊಳಗಿನ ಒತ್ತಡವನ್ನು ಅಳೆಯಲು ಅದನ್ನು ಬಳಸುತ್ತಾರೆ. ಮುಂಗೈಗೆ ಚುಚ್ಚಿ ಪಟ್ಟಿ ಅಂಟಿಸುವ ಸಾಮಾನ್ಯ ಸೂಜಿನಳಿಕೆಯೂ ಒಂದು ‘ಲೈನ್’. ಮಣಿಕಟ್ಟಿನ ಧಮನಿಯಲ್ಲಿಟ್ಟು ರಕ್ತದೊತ್ತಡವನ್ನು ಕ್ಷಣಕ್ಷಣವೂ ತೋರಿಸುವುದು ‘ಆರ್ಟೀರಿಯಲ್ ಲೈನ್’. ದಾದಿಯರು ‘ಲೈನ್ ಸಿಗುತ್ತಿಲ್ಲ’ ಎಂದರೆ ಸೂಜಿ ಹಾಕಲು ಒಳ್ಳೆಯ ರಕ್ತನಾಳ ಸಿಗುತ್ತಿಲ್ಲ ಎಂದರ್ಥ. ಸಹಿ ಕೇಳುವುದಕ್ಕೂ ಕಾರಣವಿದೆ: ಸೋಂಕು, ರಕ್ತಸ್ರಾವ ಮೊದಲಾದ ಅಪಾಯಗಳು ಕೈಗೆ ಹಾಕುವ ಸೂಜಿಗಿಂತ ಇದರಲ್ಲಿ ಹೆಚ್ಚು. ಇಂಥದ್ದನ್ನು ಸಹಿ ಹಾಕುವ ಮೊದಲು ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚಕ್ಕೆ ಎಡೆಯೇ ಇಲ್ಲ.

ಕೊಳವೆಗೆ ‘ಲೈನ್’ ಎಂಬ ಹೆಸರೇಕೆ ಎನ್ನುವುದಕ್ಕೆ ಪದದ ಹುಟ್ಟಿಗೇ ಹೋಗಬೇಕು. ಲ್ಯಾಟಿನ್ ಭಾಷೆಯಲ್ಲಿ ‘ಲೀನುಮ್’ ಎಂದರೆ ಅಗಸೆ ಗಿಡ. ಅದರ ನಾರಿನಿಂದ ಹೊಸೆದ ದಾರ ‘ಲೀನೆಆ’. ಇಂಗ್ಲಿಷಿಗೆ ಬಂದಾಗ ‘ಲೈನ್’ ಎಂದರೆ ಮೊದಲಿಗೆ ಹಗ್ಗ, ಹುರಿ, ದಾರವೇ ಆಗಿತ್ತು. ಬಡಗಿ ಮತ್ತು ಗೌಂಡಿ ದಾರವನ್ನು ಬಿಗಿದು ಹಿಡಿದು ಗುರುತು ಹಾಕಿದಾಗ ಆ ಗುರುತಿಗೆ, ಎಂದರೆ ಗೆರೆಗೆ, ಅದೇ ಹೆಸರು ಅಂಟಿಕೊಂಡಿತು. ಗೆರೆಯಿಂದ ಸಾಲು, ಸಾಲಿನಿಂದ ಸರದಿ, ಒಂದೆಡೆಯಿಂದ ಇನ್ನೊಂದೆಡೆಗೆ ಏನನ್ನಾದರೂ ಸಾಗಿಸುವ ತಂತಿ, ಕೊಳವೆ, ರೈಲುಹಾದಿ ಎಂದು ಅರ್ಥ ಕವಲೊಡೆಯುತ್ತ ಹೋಯಿತು. ಸಂಸ್ಕೃತದ ‘ಸೂತ್ರ’ವೂ ಇಂಥದೇ ಹಾದಿ ಹಿಡಿದ ಪದ. ಮೂಲದಲ್ಲಿ ದಾರವಾಗಿದ್ದದ್ದು ಪಾಣಿನಿಯ ಸೂತ್ರವಾಗಿ, ಗಣಿತದ ಸೂತ್ರವಾಗಿ, ಮಾತುಕತೆಯ ಸಂಧಾನಸೂತ್ರವಾಗಿ ಬೆಳೆಯಿತು. ರೋಗಿಯ ಕುತ್ತಿಗೆಯ ‘ಲೈನ್’ ಮತ್ತು ಕಲ್ಯಾಣಕ್ಕೆ ಹೋಗುವ ‘ಲೈನ್’ ಎರಡೂ ‘ಸಾಗಿಸುವ ಹಾದಿ’ ಎಂಬ ಅದೇ ಕವಲಿಗೆ ಸೇರಿದವು.

ಇಲ್ಲಿ ಒಂದು ಎಚ್ಚರಿಕೆ: ನಮ್ಮಲ್ಲಿ ಎಲ್ಲರೂ ಹೇಳುವ ‘ಸಲೈನ್’ಗೂ ಈ ‘ಲೈನ್’ಗೂ ಯಾವ ನಂಟೂ ಇಲ್ಲ. ಅದು ಲ್ಯಾಟಿನ್ನಿನಲ್ಲಿ ಉಪ್ಪು ಎಂಬರ್ಥದ ‘ಸಾಲ್’ನಿಂದ ಬಂದದ್ದು, ಬಾಟಲಿಯಲ್ಲಿರುವುದು ಉಪ್ಪುನೀರು. ‘ಲೈನಿನ ಮೂಲಕ ಸಲೈನ್ ಕೊಟ್ಟರು’ ಎಂದಾಗ ಪ್ರಾಸ ಕೂಡುವುದು ಬರಿಯ ಆಕಸ್ಮಿಕ.

ಪ್ರಶ್ನೆ: ಎಂಡೋಸ್ಕೋಪಿ ವರದಿಯಲ್ಲಿ ‘ಸ್ಟಮಕ್ ಲೈನಿಂಗ್’ ಎಂದಿತ್ತು. ಮಗಳು ಅದನ್ನು ‘ಹೊಟ್ಟೆಯ ಗೆರೆಗಳು’ ಎಂದು ಓದಿ ಹೇಳಿದಳು. ರವಿಕೆಗೆ ಹಾಕಿಸುವ ಲೈನಿಂಗಿಗೂ ಇದಕ್ಕೂ ಸಂಬಂಧವಿದೆಯೆ? (ಘಾಟ್ಕೋಪರ್)

ಉತ್ತರ: ರವಿಕೆಯ ಲೈನಿಂಗನ್ನು ನೆನಪಿಸಿಕೊಂಡಿರಲ್ಲ, ಅಲ್ಲಿಯೇ ಉತ್ತರವೂ ಇದೆ. ಎರಡೂ ಒಂದೇ ಪದ, ಮತ್ತು ಎರಡಕ್ಕೂ ಗೆರೆಗೂ ನೇರ ಸಂಬಂಧವಿಲ್ಲ. ಯೂರೋಪಿನಲ್ಲಿ ಉಣ್ಣೆಯ ಅಂಗಿ ಮೈಗೆ ಚುಚ್ಚದಿರಲೆಂದು ಒಳಬದಿಗೆ ನಾರುಬಟ್ಟೆಯನ್ನು, ಎಂದರೆ ಲಿನನ್ ಅನ್ನು, ಕೊಟ್ಟು ಹೊಲಿಯುತ್ತಿದ್ದರು. ‘ಲೈನ್’ ಎಂಬ ಕ್ರಿಯಾಪದ ಹುಟ್ಟಿದ್ದು ಹೀಗೆ, ಒಳಗೆ ಲಿನನ್ ಕೊಡುವುದು ಎಂಬ ಅರ್ಥದಲ್ಲಿ. ಕಾಲಕ್ರಮದಲ್ಲಿ ಲಿನನ್ ಮರೆಯಾಗಿ ‘ಒಳಪದರ ಕೊಡುವುದು’ ಎಂಬ ಅರ್ಥವಷ್ಟೇ ಉಳಿಯಿತು. ನಮ್ಮ ದರ್ಜಿ ಇಂದು ಕೊಡುವುದು ಹತ್ತಿಯ ಅಸ್ತರು; ಹೆಸರು ಮಾತ್ರ ಲೈನಿಂಗ್. ಗಾಡಿಯ ಬ್ರೇಕಿಗೆ ‘ಲೈನರ್ ಸವೆದಿದೆ’ ಎಂದು ಮೆಕ್ಯಾನಿಕ್ ಹೇಳುವುದೂ ಇದೇ ಒಳಪದರವನ್ನು. ಹೊಟ್ಟೆಯ ವಿಷಯದಲ್ಲಿ ಕನ್ನಡದಲ್ಲಿ ‘ಜಠರದ ಒಳಪೊರೆ’ ಎನ್ನುವುದು ಸರಿ. ಅದು ಕೆಂಪಾಗಿದೆ, ಊದಿಕೊಂಡಿದೆ ಎಂಬುದನ್ನೇ ಅಂಥ ವರದಿಗಳು ಹೇಳುತ್ತಿರುತ್ತವೆ.

ಅಗಸೆಯ ಮಾತು ಬಂದದ್ದರಿಂದ ಇನ್ನಷ್ಟು ಹೇಳಬಹುದು. ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆ ತಿನ್ನುವ ಅಗಸೆ ಹಿಂಡಿ, ಇಲ್ಲಿನ ಮರಾಠಿ ಮನೆಗಳ ಜವಸ್ ಚಟ್ನಿ, ಮಾಲ್‌ಗಳಲ್ಲಿ ಸುಂದರ ಪೊಟ್ಟಣದಲ್ಲಿ ಮೂರು ಪಟ್ಟು ಬೆಲೆಗೆ ಮಾರುವ ಫ್ಲ್ಯಾಕ್ಸ್ ಸೀಡ್, ಇವೆಲ್ಲ ಒಂದೇ ಬೀಜ. ಇಂಗ್ಲಿಷಿನ ಹಳೆಯ ಹೆಸರು ಲಿನ್‌ಸೀಡ್. ಅದರ ಎಣ್ಣೆಯನ್ನು ಗಟ್ಟಿಗೊಳಿಸಿ ನೆಲಹಾಸು ಮಾಡುವ ವಿಧಾನಕ್ಕೆ ಫ್ರೆಡರಿಕ್ ವಾಲ್ಟನ್ ಎಂಬ ಇಂಗ್ಲೆಂಡಿನವನು 1863ರಲ್ಲಿ ಹಕ್ಕುಪತ್ರ ಪಡೆದು, ಅಗಸೆ ಮತ್ತು ಎಣ್ಣೆ ಎಂಬ ಎರಡು ಲ್ಯಾಟಿನ್ ಪದಗಳನ್ನು ಜೋಡಿಸಿ ‘ಲಿನೋಲಿಯಂ’ ಎಂದು ಹೆಸರಿಟ್ಟನು. ಮೋಡಕ್ಕೆ ಬೆಳ್ಳಿಯಂಚು ಎಂದು ನಾವು ಅನುವಾದಿಸಿಕೊಂಡಿರುವ ‘ಸಿಲ್ವರ್ ಲೈನಿಂಗ್’ ಮಾತಿನ ಮೂಲ 1634ರಲ್ಲಿ ಪ್ರದರ್ಶನಗೊಂಡ ಮಿಲ್ಟನ್ ಕವಿಯ ‘ಕೋಮಸ್’ನಲ್ಲಿದೆ. ಅಲ್ಲಿ ಕಪ್ಪು ಮೋಡ ತನ್ನ ಬೆಳ್ಳಿಯ ಅಸ್ತರನ್ನು ಇರುಳಿನ ಕಡೆಗೆ ಹೊರಳಿಸಿ ತೋರಿಸುತ್ತದೆ. ಕವಿಯ ಕಣ್ಣಿನಲ್ಲಿದ್ದದ್ದು ಅಂಗಿಯ ಒಳಬದಿ. ಕನ್ನಡದಲ್ಲಿ ‘ಅಂಚು’ ಎಂದಾದಾಗ ಆ ಚಿತ್ರ ಸ್ವಲ್ಪ ಬದಲಾಗಿದೆ. ಆದರೂ ಸೀರೆಯ ಅಂಚಿಗೆ ಬೆಲೆ ಕಟ್ಟುವ ನಮ್ಮ ನಾಡಿನಲ್ಲಿ ‘ಬೆಳ್ಳಿಯಂಚು’ ಚೆನ್ನಾಗಿಯೇ ನೆಲೆಯೂರಿದೆ, ಅದನ್ನು ತಿದ್ದುವ ಅಗತ್ಯ ಕಾಣುವುದಿಲ್ಲ.

ಪ್ರಶ್ನೆ: ಮರೀನ್ ಲೈನ್ಸ್ ನಿಲ್ದಾಣಕ್ಕೆ ಆ ಹೆಸರು ಸಮುದ್ರದ ಬದಿಯ ರೈಲುಹಳಿಗಳಿಂದ ಬಂದದ್ದೆಂದು ನಮ್ಮ ಕಚೇರಿಯಲ್ಲಿ ಒಬ್ಬರು ವಾದಿಸುತ್ತಾರೆ. ಸರಿಯೆ? (ವಿರಾರ್)

ಉತ್ತರ: ಸರಿಯಲ್ಲ. ಬ್ರಿಟಿಷರ ಕಾಲದಲ್ಲಿ ಆ ಭಾಗದಲ್ಲಿ ‘ಮರೀನ್ ಬೆಟಾಲಿಯನ್ ಲೈನ್ಸ್’ ಎಂಬ ಸೈನಿಕ ವಸತಿ ಇತ್ತು. ಹೆಸರು ಅದರಿಂದ ಬಂದದ್ದು. ಸೇನೆಯ ಮಾತಿನಲ್ಲಿ ‘ಲೈನ್ಸ್’ ಎಂದರೆ ಸಾಲಾಗಿ ಹೊಡೆದ ಡೇರೆಗಳು ಅಥವಾ ಸಾಲಾಗಿ ಕಟ್ಟಿದ ಬಿಡಾರಗಳು. ಈ ಅರ್ಥದಲ್ಲಿ ಪದವು ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಬಹುವಚನದಲ್ಲಿ ಇರುತ್ತದೆ. ಉತ್ತರ ಭಾರತದ ಅನೇಕ ನಗರಗಳಲ್ಲಿರುವ ‘ಸಿವಿಲ್ ಲೈನ್ಸ್’ ಎಂದರೆ ಸೇನೆಗೆ ಸೇರದ ಅಧಿಕಾರಿಗಳ ಬಡಾವಣೆ. ಪೊಲೀಸರ ವಸತಿಗೆ ‘ಪೊಲೀಸ್ ಲೈನ್’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಪರಿಚಯವಿರುವವರಿಗೆ ಇನ್ನೂ ಹತ್ತಿರದ ಉದಾಹರಣೆ ಸಿಗುತ್ತದೆ. ಅಲ್ಲಿ ಕೂಲಿ ಕೆಲಸಗಾರರಿಗಾಗಿ ಒಂದೇ ಮಾಡಿನ ಕೆಳಗೆ, ಗೋಡೆಗೆ ಗೋಡೆ ಹಚ್ಚಿ, ಸಾಲಾಗಿ ಕಟ್ಟಿದ ಮನೆಗಳಿಗೆ ‘ಲೈನ್ ಮನೆ’ ಎಂದೇ ಹೆಸರು. ಪಲ್ಟನ್ನಿನ ಬಿಡಾರದ ಪದ ತೋಟದ ಕೂಲಿಯ ಬಿಡಾರಕ್ಕೂ ಬಂದಿದೆ. ಅದರ ಹಿಂದೆ ಯಾವ ಬಗೆಯ ದರ್ಬಾರು ಇತ್ತೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ರೈಲಿನ ‘ಲೈನ್’ ಬೇರೆಯೇ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿದಾಗ ತೆರೆದದ್ದು ಸುಮಾರು 34 ಕಿಲೋಮೀಟರಿನ ಒಂದು ‘ಲೈನ್’. ಹಳಿ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ರೈಲ್’, ‘ಟ್ರ್ಯಾಕ್’ ಇವೆ. ‘ಲೈನ್’ ಎಂದರೆ ಮುಖ್ಯವಾಗಿ ಮಾರ್ಗ. ಆದ್ದರಿಂದಲೇ ‘ವೆಸ್ಟರ್ನ್ ಲೈನಿನಲ್ಲಿ ಮನೆ’ ಎಂದರೆ ಯಾರೂ ಹಳಿಯ ಮೇಲೆ ಮನೆಯೆಂದು ತಿಳಿಯುವುದಿಲ್ಲ. ಮೆಟ್ರೊ ಬಂದ ಮೇಲೆ ಮಾರ್ಗಗಳಿಗೆ ಸಂಖ್ಯೆಯ ಜೊತೆ ಬಣ್ಣವೂ ಸೇರಿ ಬ್ಲೂ ಲೈನ್, ಯೆಲ್ಲೋ ಲೈನ್, ಆಕ್ವಾ ಲೈನ್ ಎಂಬ ಹೆಸರುಗಳು ಹುಟ್ಟಿವೆ. ಜನರ ಬಾಯಲ್ಲಿ ಇನ್ನೂ ‘ಮೆಟ್ರೊ’ ಎಂದಷ್ಟೇ ಇದೆ.

ಪ್ರಶ್ನೆ: ಕಚೇರಿಯ ಮಿಂಚಂಚೆಗಳಲ್ಲಿ ‘ಇನ್ ಲೈನ್’, ‘ಆನ್ ದಿ ಲೈನ್’, ‘ಡೌನ್ ದಿ ಲೈನ್’ ಎಂದೆಲ್ಲ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ಎಲ್ಲವೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ತಿಳಿಸುವಿರಾ? (ವಾಶಿ)

ಉತ್ತರ: ಈ ಪದಕ್ಕೆ ಅರ್ಥ ಕೊಡುವುದು ಬಹುಪಾಲು ಅದರ ಹಿಂದೆ ಮುಂದೆ ನಿಲ್ಲುವ ಚಿಕ್ಕ ಪದಗಳೇ. ‘ಲೈನ್’ ಒಂದನ್ನೇ ಹಿಡಿದುಕೊಂಡು ನಿಘಂಟು ತೆರೆದರೆ ಗೊಂದಲ ಹೆಚ್ಚುತ್ತದೆ. ಇಡೀ ಪದಗುಚ್ಛವನ್ನು ಒಂದೇ ಪದವೆಂದು ಕಲಿಯುವುದು ಲೇಸು.

‘ಇನ್ ಲೈನ್ ವಿತ್’ ಎಂದರೆ ಅನುಗುಣವಾಗಿ, ಪ್ರಕಾರ. ‘ನಿನ್ನೆಯ ಚರ್ಚೆಗೆ ಅನುಗುಣವಾಗಿ ದರ ಬದಲಿಸಲಾಗಿದೆ’ ಎಂಬಲ್ಲಿ ಇದು ಬರುತ್ತದೆ. ‘ವಿತ್’ ಜಾಗದಲ್ಲಿ ‘ಫಾರ್’ ಬಂದರೆ ಅರ್ಥವೇ ಬೇರೆ: ‘ಇನ್ ಲೈನ್ ಫಾರ್ ಪ್ರಮೋಷನ್’ ಎಂದರೆ ಬಡ್ತಿಯ ಸರದಿಯಲ್ಲಿರುವವರು, ಬಡ್ತಿ ಸಿಗುವ ಸಂಭವವಿರುವವರು. ‘ನೆಕ್ಸ್ಟ್ ಇನ್ ಲೈನ್’ ಎಂದರೆ ಮುಂದಿನ ಪಾಳಿಯವರು. ಸಿಂಹಾಸನಕ್ಕೂ ಇದೇ ಮಾತು, ಸಲೂನಿನ ಕುರ್ಚಿಗೂ ಇದೇ ಮಾತು. ‘ಔಟ್ ಆಫ್ ಲೈನ್’ ಎಂದು ಒಬ್ಬರ ನಡತೆಯನ್ನು ಕುರಿತು ಹೇಳಿದರೆ ಅವರು ಮೇರೆ ಮೀರಿದರು ಎಂದರ್ಥ, ಸಾಲಿನಿಂದ ಆಚೆ ನಿಂತರು ಎಂದಲ್ಲ.

‘ಆನ್ ದಿ ಲೈನ್’ ಹೆಚ್ಚು ತೊಡಕಿನದು, ಏಕೆಂದರೆ ಕರ್ತೃಪದ ಬದಲಾದರೆ ಅರ್ಥವೂ ಬದಲಾಗುತ್ತದೆ. ವ್ಯಕ್ತಿಯೊಬ್ಬರು ‘ಆನ್ ದಿ ಲೈನ್’ ಇದ್ದಾರೆ ಎಂದರೆ ಫೋನಿನಲ್ಲಿ ಕಾಯುತ್ತಿದ್ದಾರೆ. ಅವರ ಕೆಲಸವೋ ಮಾನವೋ ‘ಆನ್ ದಿ ಲೈನ್’ ಇದೆ ಎಂದರೆ ಅದು ಪಣಕ್ಕೆ ಬಿದ್ದಿದೆ, ಹೋಗುವ ಅಪಾಯದಲ್ಲಿದೆ. ನಡುವಿನ ‘ದಿ’ ಬಿದ್ದುಹೋಗಿ ಎರಡೂ ಪದ ಒಂದಾದರೆ ‘ಆನ್‌ಲೈನ್’; ಅದನ್ನು ವಿವರಿಸುವ ಅಗತ್ಯ ಇಂದು ಯಾರಿಗೂ ಇಲ್ಲ. ನಿಮ್ಮ ಮೇಲಧಿಕಾರಿಯನ್ನು ಕುರಿತು ‘ಹಿಸ್ ಜಾಬ್ ಈಸ್ ಆನ್ ದಿ ಲೈನ್’ ಎಂದು ಯಾರಾದರೂ ಬರೆದಿದ್ದರೆ, ಅವರ ಕೆಲಸ ಈಗ ಆನ್‌ಲೈನ್ ಆಗಿದೆ ಎಂದು ತಿಳಿದು ಅಭಿನಂದಿಸಲು ಹೋಗಬಾರದು.

‘ಡೌನ್ ದಿ ಲೈನ್’ ಎಂದರೆ ಮುಂದೆ, ಕೆಲವು ಕಾಲದ ನಂತರ. ‘ಟು ಇಯರ್ಸ್ ಡೌನ್ ದಿ ಲೈನ್’ ಎಂಬುದನ್ನು ‘ಎರಡು ವರ್ಷ ಕೆಳಗೆ’ ಎಂದು ಅನುವಾದಿಸಿದರೆ ಅದು ಹಿಂದಿನ ಮಾತಾಗಿಬಿಡುತ್ತದೆ, ಏಕೆಂದರೆ ಕನ್ನಡದಲ್ಲಿ ‘ಎರಡು ವರ್ಷದ ಕೆಳಗೆ’ ಎಂದರೆ ಕಳೆದುಹೋದ ಕಾಲ. ಮುಂಬಯಿಯವರಿಗೆ ನೆನಪಿಡಲು ಒಂದು ಸುಲಭ ಆಧಾರವಿದೆ: ಇಲ್ಲಿನ ರೈಲಿನ ಭಾಷೆಯಲ್ಲಿ ಸಿಎಸ್‌ಎಂಟಿಯ ಅಥವಾ ಚರ್ಚ್‌ಗೇಟಿನ ಕಡೆಗೆ ಬರುವುದು ‘ಅಪ್’, ಅಲ್ಲಿಂದ ದೂರ ಹೋಗುವುದು ‘ಡೌನ್’. ‘ಡೌನ್ ದಿ ಲೈನ್’ ಎಂದರೆ ಇಂದಿನಿಂದ ಮುಂದಿನ ನಿಲ್ದಾಣಗಳ ಕಡೆಗೆ.

ಬಹುವಚನದ ‘ಲೈನ್ಸ್’ ಬಂದಾಗ ಸಾಮಾನ್ಯವಾಗಿ ಬರವಣಿಗೆ ಅಥವಾ ಧಾಟಿ ಮನಸ್ಸಿನಲ್ಲಿರುತ್ತದೆ. ‘ಅಲಾಂಗ್ ದೀಸ್ ಲೈನ್ಸ್’ ಎಂದರೆ ಈ ಧಾಟಿಯಲ್ಲಿ, ಹೆಚ್ಚುಕಡಿಮೆ ಹೀಗೆ. ‘ರೀಡ್ ಬಿಟ್ವೀನ್ ದಿ ಲೈನ್ಸ್’ ಎಂದರೆ ಬರೆದ ಮಾತಿನ ಒಳಗನ್ನು ಗ್ರಹಿಸುವುದು. ನಾಟಕದವರು ‘ಲೈನ್ಸ್ ಮರೆತೆ’ ಎಂದರೆ ತಮ್ಮ ಪಾಲಿನ ಮಾತುಗಳನ್ನು ಮರೆತೆ ಎಂದು. ಮಾಟುಂಗಾದ ಕನ್ನಡ ರಂಗಾಸಕ್ತರಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ.

ಪ್ರಶ್ನೆ: ‘ನೀವು ಏನು ಮಾಡುತ್ತೀರಿ?’ ಎಂದರೆ ನಮ್ಮವರೆಲ್ಲ ‘ಹೋಟೆಲ್ ಲೈನಿನಲ್ಲಿದ್ದೇವೆ’ ಎನ್ನುತ್ತೇವೆ. ಇದು ಬಂಬೈಯಾ ಇಂಗ್ಲಿಷ್, ತಪ್ಪು ಎಂದು ಮಗ ನಗುತ್ತಾನೆ. (ಫೋರ್ಟ್)

ಉತ್ತರ: ಮಗನು ನಗುವ ಮೊದಲು ದೊಡ್ಡ ನಿಘಂಟೊಂದನ್ನು ತೆರೆಯಬಹುದಿತ್ತು. ‘ಲೈನ್’ ಎಂದರೆ ಕಸುಬು, ವ್ಯಾಪಾರದ ಬಗೆ ಎಂಬ ಅರ್ಥ ಇಂಗ್ಲಿಷಿನಲ್ಲಿ ಹಳೆಯದು. ‘ವಾಟ್ ಲೈನ್ ಆರ್ ಯು ಇನ್?’ ಎಂದು ಇಂಗ್ಲೆಂಡಿನವರೂ ಕೇಳುತ್ತಾರೆ, ‘ಲೈನ್ ಆಫ್ ವರ್ಕ್’ ಇಂದಿಗೂ ಚಾಲ್ತಿಯಲ್ಲಿದೆ. ಭಾರತದಲ್ಲಿ ಆಗಿರುವುದು ಇಷ್ಟೆ: ಅಲ್ಲಿ ಈಗ ಸ್ವಲ್ಪ ಹಳೆಯದೆನಿಸುವ ಪ್ರಯೋಗ ಇಲ್ಲಿ ‘ಫಿಲ್ಮ್ ಲೈನ್’, ‘ಮೆಡಿಕಲ್ ಲೈನ್’, ‘ಟ್ರಾನ್ಸ್‌ಪೋರ್ಟ್ ಲೈನ್’ ಎಂದು ಹುಲುಸಾಗಿ ಬೆಳೆದಿದೆ. ಉಡುಪಿ, ಕುಂದಾಪುರದ ಕಡೆಯಿಂದ ಬಂದು ಗಿರಾಕಿಗಳ ಲೋಟ ತೊಳೆದು, ಗಲ್ಲಾದಲ್ಲಿ ಕುಳಿತು, ಸ್ವಂತ ಹೋಟೆಲು ತೆರೆದವರ ಬಾಯಲ್ಲಿ ‘ಲೈನ್’ಗೆ ಬರಿಯ ಉದ್ಯೋಗಕ್ಕಿಂತ ಹೆಚ್ಚಿನ ಅರ್ಥವಿದೆ. ‘ಆತ ನಮ್ಮ ಲೈನಿನವ’ ಎಂಬಲ್ಲಿ ಕಸುಬಿನ ಜೊತೆಗೆ ಬಳಗದ ಭಾವವೂ ಸೇರಿಕೊಂಡಿದೆ. ಹಾಗೆ ನೋಡಿದರೆ ವಂಶ, ಪೀಳಿಗೆ ಎಂಬರ್ಥವೂ ಇಂಗ್ಲಿಷಿನ ‘ಲೈನ್’ಗೆ ಇದೆ. ವ್ಯಾಪಾರದಲ್ಲಿ ‘ಹೊಸ ಲೈನ್ ತಂದಿದ್ದಾರೆ’ ಎಂದರೆ ಹೊಸ ಬಗೆಯ ಸರಕು. ಕಾರ್ಖಾನೆಯಲ್ಲಿ ‘ಲೈನ್ ನಿಂತಿದೆ’ ಎಂದರೆ ಜೋಡಣೆಯ ಸಾಲು ನಿಂತಿದೆ. ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಜೋಡಣೆ ಸಾಲನ್ನು ಆರಂಭಿಸಿದಾಗ ಒಂದು ಕಾರನ್ನು ಜೋಡಿಸಲು ಬೇಕಾಗುತ್ತಿದ್ದ 12 ಗಂಟೆಗೂ ಹೆಚ್ಚಿನ ಸಮಯ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಅಲ್ಲಿಂದ ಮುಂದೆ ಕಾರ್ಖಾನೆಯ ಮಾತಿನಲ್ಲಿ ‘ಲೈನ್’ ಎಂದರೆ ಅದೇ.

ಪ್ರಶ್ನೆ: ಪತ್ರಿಕೆಗೆ ಅನುವಾದ ಮಾಡುವಾಗ ‘ಲೈನ್’ ಕಂಡಲ್ಲೆಲ್ಲ ‘ರೇಖೆ’ ಎಂದು ಹಾಕುವುದು ಅಭ್ಯಾಸವಾಗಿದೆ. ಎಲ್ಲಿ ಸರಿ, ಎಲ್ಲಿ ತಪ್ಪು? (ಠಾಣೆ)

ಉತ್ತರ: ಭೂಪಟದ ಮೇಲೆ ಅಥವಾ ಲೆಕ್ಕದ ನಕ್ಷೆಯ ಮೇಲೆ ಎಳೆಯಬಹುದಾದದ್ದಕ್ಕೆ ‘ರೇಖೆ’ ಸರಿಹೊಂದುತ್ತದೆ. ಕಾಶ್ಮೀರದ ‘ಲೈನ್ ಆಫ್ ಕಂಟ್ರೋಲ್’ಗೆ ‘ನಿಯಂತ್ರಣ ರೇಖೆ’ ಎಂಬುದು ಭದ್ರವಾದ ಅನುವಾದ. 1949ರ ಕದನವಿರಾಮ ರೇಖೆಯ ಜಾಗದಲ್ಲಿ, 1972ರ ಸಿಮ್ಲಾ ಒಪ್ಪಂದದ ನಂತರ ಈ ಹೆಸರು ಬಂದಿತು. ಚೀನಾದ ಗಡಿಯದು ‘ವಾಸ್ತವ ನಿಯಂತ್ರಣ ರೇಖೆ’. ಇವೆರಡನ್ನು ಅದಲುಬದಲು ಮಾಡುವುದು ಅನುವಾದದ ದೋಷಕ್ಕಿಂತ ದೊಡ್ಡ ದೋಷ. ಡ್ಯುರಾಂಡ್, ಮ್ಯಾಕ್‌ಮಹೋನ್, ರಾಡ್‌ಕ್ಲಿಫ್ ರೇಖೆಗಳಿಗೆ ಅವನ್ನು ಎಳೆದವರ ಅಥವಾ ಎಳೆಸಿದವರ ಹೆಸರು ಸೇರಿದೆ. ‘ಬಡತನ ರೇಖೆ’ಯೂ ಲೆಕ್ಕದ ಗೆರೆಯೇ ಆದ್ದರಿಂದ ಸಲ್ಲುತ್ತದೆ.

‘ಪಾರ್ಟಿ ಲೈನ್’, ‘ಹಾರ್ಡ್ ಲೈನ್’ ಎಂಬಲ್ಲಿ ರೇಖೆ ತಂದರೆ ಕನ್ನಡ ಸೊರಗುತ್ತದೆ. ಅಲ್ಲಿ ಪಕ್ಷದ ನಿಲುವು, ಬಿಗಿಪಟ್ಟು ಎನ್ನಬೇಕು. ‘ಪಕ್ಷದ ರೇಖೆಯನ್ನು ಪಾಲಿಸದ ಶಾಸಕ’ ಎಂದು ಬರೆಯುವ ಬದಲು ‘ಪಕ್ಷ ಹಾಕಿದ ಗೆರೆ ದಾಟಿದ ಶಾಸಕ’ ಎಂದರೆ ಊರಿನ ಅಜ್ಜಿಗೂ ಅರ್ಥವಾಗುತ್ತದೆ. ಗಮನಿಸಿ, ‘ಹಾಕಿದ ಗೆರೆ ದಾಟದವನು’ ಎಂಬ ನುಡಿಗಟ್ಟು ‘ಟೋ ದಿ ಲೈನ್’ ಎಂಬುದಕ್ಕೆ ತಕ್ಕ ಜೋಡಿಯಾಗಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅಂದಹಾಗೆ, ಅಲ್ಲಿನ ‘ಟೋ’ ಕಾಲ್ಬೆರಳಿಗೆ ಸಂಬಂಧಿಸಿದ್ದು. ಓಟಕ್ಕೋ ಪರಿಶೀಲನೆಗೋ ನಿಲ್ಲುವಾಗ ಬೆರಳ ತುದಿಯನ್ನು ಗೆರೆಗೆ ತಾಗಿಸಿ ನಿಲ್ಲುವ ಚಿತ್ರ ಅದು. ಕೆಟ್ಟ ಗಾಡಿಯನ್ನು ಎಳೆದೊಯ್ಯುವ ‘ಟೋ’ ಎಂಬುದರ ಕಾಗುಣಿತವನ್ನು ಅಲ್ಲಿ ಬರೆಯುವುದು ಇಂಗ್ಲಿಷ್ ಪತ್ರಿಕೆಗಳಲ್ಲಿಯೂ ಕಾಣುವ ತಪ್ಪು. ಸಾಲಾಗಿ ಮರಗಳಿರುವ ರಸ್ತೆಗೆ ‘ಸಾಲುಮರದ ರಸ್ತೆ’ ಎಂಬ ಸೊಗಸಾದ ಮಾತು ಇರುವಾಗ ‘ಮರಗಳ ರೇಖೆ’ಯ ಹಂಗು ಬೇಡ.

‘ಡೆಡ್‌ಲೈನ್’ಗೆ ‘ಗಡುವು’ ಇದೆ, ಇನ್ನೊಂದು ಪದ ಹುಡುಕಬೇಕಾಗಿಲ್ಲ. ಆದರೆ ಅದರ ಕಥೆಯನ್ನು ಪತ್ರಿಕಾ ಕಚೇರಿಯಲ್ಲಿರುವವರು ತಿಳಿದಿರಬೇಕು. ಅಮೆರಿಕದ ಅಂತರ್ಯುದ್ಧದ ಸಮಯದಲ್ಲಿ, 1864ರಲ್ಲಿ, ಜಾರ್ಜಿಯಾದ ಆ್ಯಂಡರ್‌ಸನ್‌ವಿಲ್ ಎಂಬಲ್ಲಿ ದಕ್ಷಿಣದ ರಾಜ್ಯಗಳವರು ಉತ್ತರದ ಸೈನಿಕರನ್ನು ಸೆರೆಯಿಟ್ಟಿದ್ದ ಬಯಲು ಬಂದಿಖಾನೆಯೊಂದಿತ್ತು. ಹೊರಗೋಡೆಯಿಂದ ಕೊಂಚ ಒಳಗೆ ಸಾಧಾರಣ ಮರದ ಪಟ್ಟಿಯ ಬೇಲಿಯೊಂದನ್ನು ಎಳೆದಿದ್ದರು. ಅದನ್ನು ದಾಟಿದ, ಕೆಲವೊಮ್ಮೆ ಮುಟ್ಟಿದ ಸೆರೆಯಾಳನ್ನು ಕಾವಲುಗಾರರು ಗುಂಡಿಟ್ಟು ಕೊಲ್ಲುತ್ತಿದ್ದರು. ಆ ಗೆರೆಗೆ ‘ಡೆಡ್ ಲೈನ್’ ಎಂಬ ಹೆಸರು. ಆ ಬಂದಿಖಾನೆಯ ಅಧಿಕಾರಿ ಹೆನ್ರಿ ವಿರ್ಟ್ಸ್‌ನನ್ನು ಯುದ್ಧ ಮುಗಿದ ಮೇಲೆ 1865ರಲ್ಲಿ ಗಲ್ಲಿಗೇರಿಸಲಾಯಿತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಪತ್ರಿಕಾ ಕಚೇರಿಗಳು ಈ ಪದವನ್ನು ಸುದ್ದಿ ಒಪ್ಪಿಸುವ ಕೊನೆಯ ಗಳಿಗೆಗೆ ಬಳಸತೊಡಗಿದವು. ಉಪಸಂಪಾದಕರ ಸಿಟ್ಟು ಎಷ್ಟೇ ಇದ್ದರೂ ಈಗ ಗುಂಡು ಹಾರುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ಮೊಮ್ಮಗಳು ‘ಕ್ಯೂ’ ಎಂದರೆ ನಗುತ್ತಾಳೆ, ‘ಲೈನ್’ ಎನ್ನಬೇಕಂತೆ. (ಮುಲುಂಡ್)

ಉತ್ತರ: ಎರಡೂ ಸರಿ. ಸರದಿಗೆ ಬ್ರಿಟಿಷರು ‘ಕ್ಯೂ’ ಎನ್ನುತ್ತಾರೆ, ಅಮೆರಿಕನ್ನರು ‘ಲೈನ್’. ನ್ಯೂಯಾರ್ಕಿನ ಹಳಬರು ‘ಇನ್ ಲೈನ್’ ಬದಲು ‘ಆನ್ ಲೈನ್’ ನಿಂತಿದ್ದೇನೆ ಎನ್ನುವುದೂ ಉಂಟು. ‘ಕ್ಯೂ’ ಫ್ರೆಂಚರಿಂದ ಬಂದ ಪದ, ಅದರ ಅರ್ಥ ಬಾಲ. ಹನುಮಂತನ ಬಾಲದಂಥ ಸರದಿ ಎನ್ನುವ ನಮಗೆ ಆ ಕಲ್ಪನೆ ಹೊಸದೇನಲ್ಲ. ಮುಂಬಯಿಯಲ್ಲಿ ಮರಾಠಿಯ ‘ರಾಂಗ್’ ಮತ್ತು ಇಂಗ್ಲಿಷಿನ ‘ಲೈನ್’ ಒಟ್ಟೊಟ್ಟಿಗೆ ಓಡಾಡುತ್ತವೆ. ಹೀಗೆ ನೋಡಿದರೆ ಬಸ್ ನಿಲ್ದಾಣದಲ್ಲಿ ‘ಲೈನ್ ಮೇ ಆವೋ’ ಎಂದು ಗದರಿಸುವವರು ತಮಗೆ ಗೊತ್ತಿಲ್ಲದೆಯೇ ಅಮೆರಿಕದ ಪಕ್ಷ ಹಿಡಿದಿದ್ದಾರೆ.

ಪ್ರಶ್ನೆ: ಕ್ರಿಕೆಟ್ಟಿನ ‘ಲೈನ್ ಅಂಡ್ ಲೆಂಗ್ತ್’ ಅನ್ನು ಕನ್ನಡದಲ್ಲಿ ಹೇಗೆ ಹೇಳುವುದು? (ಕಾಂದಿವಲಿ)

ಉತ್ತರ: ಚೆಂಡು ವಿಕೆಟ್ಟುಗಳ ಯಾವ ನೇರಕ್ಕೆ ಬರುತ್ತದೆ ಎಂಬುದು ‘ಲೈನ್’, ಬ್ಯಾಟರನಿಂದ ಎಷ್ಟು ದೂರದಲ್ಲಿ ನೆಲಕ್ಕೆ ತಾಗಿ ಪುಟಿಯುತ್ತದೆ ಎಂಬುದು ‘ಲೆಂಗ್ತ್’. ‘ನೇರ ಮತ್ತು ಪುಟಿತದ ದೂರ’ ಎಂದು ವಿವರಿಸಬಹುದು, ಆದರೆ ವೀಕ್ಷಕ ವಿವರಣೆಯ ಓಟದಲ್ಲಿ ಇಂಗ್ಲಿಷ್ ಮಾತನ್ನೇ ಉಳಿಸಿಕೊಳ್ಳುವುದು ವಾಸಿ. ನೆಲದ ಮೇಲಿನ ಗೆರೆಯ ವಿಷಯ ಬೇರೆ. ಟೆನಿಸ್ಸಿನಲ್ಲಿ ಗೆರೆಗೆ ತಾಗಿದ ಚೆಂಡು ಒಳಗೆ. ಕ್ರಿಕೆಟ್ಟಿನಲ್ಲಿ ಬೌಲರನ ಮುಂಗಾಲಿನ ಯಾವ ಭಾಗವೂ ಪಾಪಿಂಗ್ ಕ್ರೀಸಿನ, ಎಂದರೆ ವಿಕೆಟ್ಟುಗಳ ಮುಂದೆ ಎಳೆದ ಗೆರೆಯ, ಹಿಂದೆ ಇರದೆ ಇಡೀ ಕಾಲು ಗೆರೆಯ ಮೇಲೆ ಬಿದ್ದರೂ ನೋಬಾಲ್. ಕಬಡ್ಡಿಯಲ್ಲಿ ದಾಳಿಗಾರ ಯಾರನ್ನೂ ಮುಟ್ಟದೆ ಹಿಂದಿರುಗುವುದಾದರೆ ಎದುರಾಳಿಗಳ ಅಂಕಣದಲ್ಲಿ ಎಳೆದಿರುವ ಬಾಕ್ ಲೈನನ್ನು ದಾಟಿಯೇ ಬರಬೇಕು.

ಪ್ರಶ್ನೆ: ಬ್ಯಾಂಕಿನವರು ‘ಲೈನ್ ಆಫ್ ಕ್ರೆಡಿಟ್’ ಕೊಡುತ್ತೇವೆ ಎನ್ನುತ್ತಾರೆ. ಸಾಲವೇ ಅಲ್ಲವೆ? (ಭಾಂಡುಪ್)

ಉತ್ತರ: ಸಾಲವೇ, ಆದರೆ ಸಾಲದ ಮಿತಿ ಎಂದರೆ ಹೆಚ್ಚು ಸರಿ. ಇಷ್ಟು ರೂಪಾಯಿಯವರೆಗೆ ಬೇಕಾದಾಗ ತೆಗೆದುಕೊಳ್ಳಬಹುದು ಎಂದು ಬ್ಯಾಂಕು ಒಪ್ಪಿರುತ್ತದೆ; ಬಡ್ಡಿ ಸಾಮಾನ್ಯವಾಗಿ ಬಳಸಿದ ಮೊತ್ತಕ್ಕೆ ಮಾತ್ರ. ಬೇರೆ ದೇಶಗಳಿಗೆ ಭಾರತ ಕೊಡುವ ಇಂಥ ಸೌಲಭ್ಯವನ್ನು ಮುಂಬಯಿಯಲ್ಲೇ ಕೇಂದ್ರ ಕಚೇರಿಯುಳ್ಳ ಎಕ್ಸಿಮ್ ಬ್ಯಾಂಕ್ ನಿರ್ವಹಿಸುತ್ತದೆ. ‘ಬಾಟಮ್ ಲೈನ್’ ಲೆಕ್ಕಪತ್ರದ ಕೊನೆಯ ಸಾಲು, ಎಂದರೆ ನಿವ್ವಳ ಲಾಭ ಅಥವಾ ನಷ್ಟ. ಮಾತಿನಲ್ಲಿ ಬಂದಾಗ ‘ಕಟ್ಟಕಡೆಗೆ ಮುಖ್ಯವಾದದ್ದು’.

ಪ್ರಶ್ನೆ: ಹಾಟ್‌ಲೈನ್, ಹೆಲ್ಪ್‌ಲೈನ್, ಲ್ಯಾಂಡ್‌ಲೈನ್ ಎಲ್ಲವೂ ಫೋನೇ ಆಗಿರುವಾಗ ಇಷ್ಟೊಂದು ಹೆಸರೇಕೆ? (ಸಾಂತಾಕ್ರೂಜ್)

ಉತ್ತರ: ‘ಲ್ಯಾಂಡ್‌ಲೈನ್’ ಎಂಬುದು ತಂತಿಯ ಕಾಲದ್ದು, ಸಮುದ್ರದಡಿಯ ಕೇಬಲ್ಲಿನಿಂದ ಬೇರ್ಪಡಿಸಿ ನೆಲದ ಮೇಲಿನ ತಂತಿಗೆ ಇಟ್ಟ ಹೆಸರು ಈಗ ಮೊಬೈಲಿನಿಂದ ಬೇರ್ಪಡಿಸಲು ಒದಗಿದೆ. ಹಾಟ್‌ಲೈನ್ ಎಂದೊಡನೆ ಎಲ್ಲರೂ ಕೆಂಪು ಫೋನನ್ನು ನೆನೆಯುತ್ತಾರೆ. ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟಿನ ಮರುವರ್ಷ, 1963ರಲ್ಲಿ, ವಾಷಿಂಗ್ಟನ್ ಮತ್ತು ಮಾಸ್ಕೋ ನಡುವೆ ಏರ್ಪಟ್ಟ ಮೊದಲ ಹಾಟ್‌ಲೈನ್ ಫೋನೇ ಆಗಿರಲಿಲ್ಲ, ಬರಹವನ್ನು ಮುದ್ರಿಸುವ ಟೆಲಿಪ್ರಿಂಟರ್ ಆಗಿತ್ತು. ಆಡಿದ ಮಾತು ತಪ್ಪಾಗಿ ಕೇಳಿಸುವ ಅಪಾಯ ಬರಹದಲ್ಲಿ ಕಡಿಮೆ. ಹೆಲ್ಪ್‌ಲೈನುಗಳಲ್ಲಿ ನಮ್ಮ ನಗರಕ್ಕೆ ಹೆಮ್ಮೆ ತರುವಂಥದ್ದು ಮಕ್ಕಳ ಸಹಾಯವಾಣಿ 1098. ಅದು 1996ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಮುಂಬಯಿಯಲ್ಲಿಯೇ ಆರಂಭವಾಗಿ ಬಳಿಕ ದೇಶಕ್ಕೆಲ್ಲ ಹಬ್ಬಿತು. ‘ಸಹಾಯವಾಣಿ’ ಎಂಬ ಕನ್ನಡ ಪದ ತಂತಿಯನ್ನು ಬಿಟ್ಟು ದನಿಯನ್ನು ಹಿಡಿದಿದೆ. ಅದು ಮೂಲಕ್ಕಿಂತ ಚೆನ್ನಾಗಿದೆ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ‘ಲೈನ್ ಹೊಡೆಯುವುದು’ ಇಂಗ್ಲಿಷಿನಿಂದ ಬಂದದ್ದೆ? ಕಚೇರಿಯ ದೂರುಪತ್ರದಲ್ಲಿ ಇದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು? (ಬೊರಿವಲಿ)

ಉತ್ತರ: ಪದ ಇಂಗ್ಲಿಷಿನದು, ಪ್ರಯೋಗ ನಮ್ಮದು. ಹಿಂದಿಯ ‘ಲೈನ್ ಮಾರ್ನಾ’ ಮತ್ತು ಕನ್ನಡದ ‘ಲೈನ್ ಹೊಡೆಯುವುದು’ ಇವೆರಡನ್ನು ಅಕ್ಷರಶಃ ಇಂಗ್ಲಿಷಿಗೆ ತಂದರೆ ಇಂಗ್ಲಿಷ್ ಮಾತನಾಡುವವರಿಗೆ ಏನೂ ತಿಳಿಯದು. ಅವರಲ್ಲಿ ಪರಿಚಯ ಬೆಳೆಸಲು ಎಸೆಯುವ ಸಿದ್ಧ ಮಾತಿಗೆ ‘ಪಿಕಪ್ ಲೈನ್’ ಎಂಬ ಹೆಸರಿದೆ. ಅಲ್ಲಿನ ‘ಲೈನ್’ ನಾಟಕದ ಮಾತಿನಂತೆ ಒಂದು ಸಾಲು ಮಾತು. ದೂರುಪತ್ರದಲ್ಲಿ ಈ ಯಾವ ಬೆಡಗೂ ಬೇಡ. ಆ ವ್ಯಕ್ತಿ ಏನು ಹೇಳಿದರು, ಎಲ್ಲಿ, ಯಾವ ದಿನ, ಬೇಡವೆಂದ ಮೇಲೂ ಮುಂದುವರಿಸಿದರೆ ಎಂಬುದನ್ನು ನೇರವಾಗಿ ಬರೆಯಿರಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಚೇರಿಯಲ್ಲಿ ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಲೈಂಗಿಕ ಕಿರುಕುಳವಾಗದಂತೆ ತಡೆಯುವ 2013ರ ಕಾಯಿದೆಯ ಪ್ರಕಾರ ಆಂತರಿಕ ದೂರು ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರನ್ನು ಲಿಖಿತವಾಗಿ ಅದಕ್ಕೆ ಕೊಡಬೇಕು.